ಆಡುಗಳಿಗೆ ಅಪ್ಪನ ನಿಲುವಂಗಿ

ಅಕ್ಕಾ,

"ಬಿರುಗಾಳಿ ತನಗಿಂತ ಮುಂಚೆ ಮೌನವನ್ನು ಕಳಿಸುತ್ತದೆ" ಎಂದೇನೋ ಒಂದು ಸಾಲಿತ್ತಲ್ಲ? ಬರೆದವರು ಗೋಬಿ ಮರುಭೂಮಿಗೆ ಬಂದಿರಲಾರರು. ಇಲ್ಲಿ ಮೊದಲು ಬಂದದ್ದು ಫೋನಿಗೆ ಸಂದೇಶ: ನಾಳೆ ಬೆಳಗಿನಿಂದ ಗಾಳಿ, ಧೂಳು, ಹಿಮ.

ಅಷ್ಟರಲ್ಲಿ ನಾನು ಹನ್ನೊಂದು ಆಡುಗಳ ಒಳತುಪ್ಪಳ ಬಾಚಿ ತೆಗೆದಾಗಿತ್ತು. ಅಮ್ಮನ ಕೆಲಸ ಹಗುರವಾಗಲಿ ಎಂದು, ಅವಳನ್ನು ಕೇಳದೆ. "ವಸಂತದ ಗಾಳಿ ಮುಗಿಯೋ ಮೊದ್ಲೇ ಬಾಚು ಅಂತ ಯಾವ ಪುಸ್ತಕದಲ್ಲಿ ಓದಿದ್ಯೇ?" ಎಂದಳು. ತುಪ್ಪಳವಿಲ್ಲದೆ ಅವು ಒಂದು ರಾತ್ರಿಯೂ ಉಳಿಯುವುದಿಲ್ಲ. ಗೋಣಿಚೀಲ, ಹಳೆಯ ಕಂಬಳಿ ಹೊಲಿದು ಎಂಟಕ್ಕೆ ತೊಡಿಸಿದೆವು. ಇನ್ನು ಮೂರಕ್ಕೆ ಮನೆಯಲ್ಲಿರುವುದು ಅಪ್ಪನ ಕುರಿದೊಗಲಿನ ನಿಲುವಂಗಿಯೊಂದೇ. ಅಪ್ಪ ಹೋದ ಮೇಲೆ ಅಮ್ಮ ಅದನ್ನು ಪೆಟ್ಟಿಗೆಯಿಂದ ತೆಗೆದಿರಲಿಲ್ಲ. ಈಗ ಮಡಿಲಲ್ಲಿಟ್ಟುಕೊಂಡು, ಕತ್ತರಿ ಹಿಡಿದು ಕೂತಿದ್ದಾಳೆ, ಇನ್ನೂ ಕತ್ತರಿಸಿಲ್ಲ.

ಅವಳ ಬಿ.ಪಿ. ಮಾತ್ರೆ ಹದಿನೈದು ದಿನಕ್ಕಿದೆ, ಅಷ್ಟರೊಳಗೆ ಕಳಿಸು. ನಾನು ಚೆನ್ನಾಗಿದ್ದೇನೆ; ಚಳಿಗೆ ಕೈ ಬಿರಿದಿದೆ, ಅಷ್ಟೆ. ಈ ಕಾರ್ಡನ್ನು ಅಂಚೆಗೆ ಒಯ್ಯಲು ಪಕ್ಕದ ಗುಡಾರದ ಸಂಬೂ ಮಾಮ ಬಾಗಿಲಲ್ಲಿ ನಿಂತಿದ್ದಾರೆ. ಅಮ್ಮನನ್ನು ನೋಡಿ ಹೇಳಿದರು: "ಕತ್ತರಿಸಿ ಅತ್ತಿಗೆ. ಅಣ್ಣ ಇದ್ದಿದ್ರೆ ಮೊದ್ಲು ಮಗಳಿಗೆ ಬೈದು, ಆಮೇಲೆ ಮೈಮೇಲಿಂದ್ಲೇ ಬಿಚ್ಚಿ ಕೊಡ್ತಿದ್ದ."