ನಿಂಬೆಹಣ್ಣಿನ ಮೇಲೆ ಹತ್ತಿದ ಟೈರು

ಡಿಸೆಂಬರ್ ೧೯, ಶುಕ್ರವಾರ. ಫ್ರೀಮಾಂಟ್.

ಆ ಟೈರು ಕಣ್ಣ ಮುಂದಿನಿಂದ ಸರಿಯುತ್ತಿಲ್ಲ.

ಹೋದ ತಿಂಗಳು ಈ ಏಳು ಸೀಟಿನ ಹಳೆಯ ಕಾರು ಕೊಳ್ಳುವಾಗ ಸೀಟು ನೋಡಿದೆವು, ಡಿಕ್ಕಿ ಅಳೆದೆವು. ಲಿವರ್‌ಮೋರ್ ದೇವಸ್ಥಾನದಲ್ಲಿ ಪೂಜೆ ಮಾಡಿಸಿ, ನಾಲ್ಕೂ ಚಕ್ರದಡಿ ನಿಂಬೆಹಣ್ಣಿಟ್ಟು ಹತ್ತಿಸಿದೆವು. ಎಲ್ಲರೂ ಬಗ್ಗಿ ನೋಡಿದ್ದು ನಿಂಬೆಹಣ್ಣನ್ನು. ಟೈರನ್ನು ಒಬ್ಬರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ನಾಳೆ ಬೆಟ್ಟದ ಮೇಲಿನ ಟಾಹೋಗೆ ಹಿಮ ನೋಡಲು ಹೊರಡಬೇಕು. ಸಂಜೆ ಸಾಮಾನು ತುಂಬುತ್ತಿದ್ದಾಗ ಪ್ರಣೀತಾ ಮುಂದಿನ ಚಕ್ರ ಸವರಿ, "ಅಮ್ಮಾ, ಇಟ್ಸ್ ಬಾಲ್ಡ್, ಲೈಕ್ ಅಜ್ಜ" ಅಂದಳು. ಮುಟ್ಟಿ ನೋಡಿದೆ. ಗೀರೇ ಇಲ್ಲ, ಸವೆದು ನುಣ್ಣಗಿದೆ.

ಅವಳ ಅಪ್ಪ ಉಲ್ಲಾಸ್ ಫೋನಿನಿಂದ ತಲೆ ಎತ್ತಲಿಲ್ಲ. "ಆಲ್ ವೀಲ್ ಡ್ರೈವ್ ಉಂಟು ಮಾರಾಯ್ತಿ. ಹಿಮದಲ್ಲಿ ಚಕ್ರಕ್ಕೆ ಸುತ್ತುವ ಚೈನೂ ಉಂಟು. ಐದಕ್ಕೆ ಹೊರಡದಿದ್ರೆ ಮತ್ತೆ ಟ್ರಾಫಿಕ್ಕು."

"ನಾಲ್ಕೂ ಚಕ್ರ ತಿರುಗಿದ್ರೆ ಗುಡ್ಡ ಹತ್ತುತ್ತೆ, ಸರಿ. ಇಳಿಯುವಾಗ ನಿಲ್ಲುತ್ತಾ?"

"ಪೂಜೆ ಮಾಡಿಸಿದ್ದೇವಲ್ಲ" ಎಂದು ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಕಾರಿನಲ್ಲಿ ಮಗಳೂ ಕೂರುತ್ತಾಳೆ.

ಈಗ ಗೊರಕೆ ಹೊಡೆಯುತ್ತಿದ್ದಾನೆ. ಟೈರಂಗಡಿ ತೆರೆಯುವುದು ಎಂಟಕ್ಕೆ. ಕಾರಿನ ಎರಡೂ ಕೀ ಅಕ್ಕಿ ಡಬ್ಬದ ತಳದಲ್ಲಿವೆ. ಐದಕ್ಕೆ ಎದ್ದು ಹುಡುಕಲಿ.