ಹುಡುಕದೆ ಬಿಟ್ಟ ಕಂಬಳಿಯಗಲ ಜಾಗ

ವಾಟಲ್ ಫ್ಲಾಟ್, ವಿಕ್ಟೋರಿಯ
ಭಾನುವಾರ, 13 ಅಕ್ಟೋಬರ್ 2024

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮಂಡಿ ಹೇಗಿದೆ? ಎಡಗಡೆಯದು ರೇಡಿಯೊಗಿಂತ ಮೊದಲೇ ಮಳೆ ಹೇಳುತ್ತಿತ್ತಲ್ಲ, ಈಗಲೂ ಹೇಳುತ್ತದೋ, ಅದಕ್ಕೂ ನಿವೃತ್ತಿ ಆಯಿತೋ? ವ್ಯಾನಿನ ಹಿಂಬಾಗಿಲನ್ನು ಇನ್ನೂ ಹಗ್ಗದಿಂದಲೇ ಕಟ್ಟುತ್ತಿದ್ದೀಯ ಅಂದುಕೊಂಡಿದ್ದೇನೆ. ಹಲ್ಲಿನ ಸೆಟ್ಟು ಊಟದ ಹೊತ್ತಿಗಾದರೂ ಬಾಯಲ್ಲಿರಲಿ, ಜೇಬಿನಲ್ಲಿದ್ದರೆ ಅದು ಅಗಿಯುವುದಿಲ್ಲ. ಪ್ರತಿ ಕ್ರಿಸ್‌ಮಸ್ಸಿಗೂ ನಿನ್ನ ಕಾರ್ಡು ಬರುತ್ತಿದೆ. ಹೋದ ವರ್ಷದ್ದು, "ಚೆನ್ನಾಗಿದ್ದೀನಿ. ಇಲ್ಲಿ ಮಳೆ ಇಲ್ಲ." ಅದರ ಹಿಂದಿನದು, "ಚೆನ್ನಾಗಿದ್ದೀನಿ. ಇಲ್ಲಿ ಮಳೆ." ಹತ್ತು ವರ್ಷದ ಕಾರ್ಡುಗಳನ್ನು ಜೋಡಿಸಿದರೆ ಒಂದು ಪಂಚಾಂಗವಾಗುತ್ತದೆ, ಒಂದು ವಿಳಾಸವಾಗುವುದಿಲ್ಲ. ಪ್ರತಿ ಸಲ ಬೇರೆ ಊರಿನ ಮುದ್ರೆ, ಫೋನ್ ನಂಬರು ಸತ್ತು ಯಾವ ಕಾಲವಾಯಿತೋ. ಆದ್ದರಿಂದ ಈ ಕಾಗದವನ್ನು ಅಂಚೆಗೆ ಹಾಕದೆ ಮಣ್ಣಿಗೆ ಹಾಕುತ್ತಿದ್ದೇನೆ. ಹಳ್ಳದ ದಂಡೆಯ ಪಿಕ್ನಿಕ್ ಮೈದಾನದಲ್ಲಿ, ನೀನು ಅಗೆದೇ ಅಗೆಯುವ ಜಾಗದಲ್ಲಿ. ಅದು ಹೇಗೆ ಗೊತ್ತಾಯಿತು ಅಂತ ಹೇಳುತ್ತೇನೆ, ಸ್ವಲ್ಪ ತಾಳು.

ನೆಲದೊಳಗಿನ ಲೋಹ ಹುಡುಕುವ ಡಿಟೆಕ್ಟರ್ ಹಿಡಿದ ಬೇರೆ ಯಾರಾದರೂ ಇದನ್ನು ಮೊದಲು ತೆಗೆದಿದ್ದರೆ ಅವರಿಗೊಂದು ಮಾತು. ಅಣ್ಣಾ, ಅಥವಾ ಅಕ್ಕಾ, ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದ ಬೆಳ್ಳಿಯ ಆರು ಪೆನ್ನಿ ನಾಣ್ಯ ನಿಮ್ಮದಲ್ಲ. ಅದು ನಮ್ಮಪ್ಪನ ಡಿಟೆಕ್ಟರಿಗೆ ಕೇಳಿಸಲಿ ಅಂತ ಕಟ್ಟಿದ ಗಂಟೆ. ಇದ್ದಲ್ಲೇ ಇಟ್ಟು ಮಣ್ಣು ಮುಚ್ಚಿ. ಓದದೆ ಇರಲಾರಿರಿ ಅಂತ ಗೊತ್ತು, ನಾನೂ ಇರುತ್ತಿರಲಿಲ್ಲ. ನಿಮಗೂ ಅರ್ಥವಾಗಲಿ ಅಂತ ಅಪ್ಪನಿಗೆ ಗೊತ್ತಿರುವ ಕೆಲವು ಸಂಗತಿಗಳನ್ನೂ ಬಿಡಿಸಿ ಬರೆಯುತ್ತೇನೆ. ಅಪ್ಪ, ನೀನು ಬೇಜಾರು ಮಾಡಿಕೊಳ್ಳಬೇಡ.

ನನ್ನ ಹೆಸರು ಬ್ರಾನ್ವಿನ್ ಟ್ರೆಲೋರ್. ಇಲ್ಲಿನ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುತ್ತೇನೆ, ಮಕ್ಕಳು ಚರಿತ್ರೆ ಸೃಷ್ಟಿಸುತ್ತಾರೆ. ನಮ್ಮಪ್ಪ ಕ್ಲೆಮ್, ಅಮ್ಮ ಐಲ್ಸಾ. ಹತ್ತು ವರ್ಷದ ಹಿಂದೆ, ನವೆಂಬರಿನ ಕುದುರೆ ರೇಸಿನ ರಜೆಯ ದಿನ, ನಾವು ಮೂವರೂ ಈ ಮೈದಾನಕ್ಕೆ ಊಟ ಕಟ್ಟಿಕೊಂಡು ಬಂದೆವು. ಅಪ್ಪ ಡಿಟೆಕ್ಟರಿನ ಹೆಡ್‌ಫೋನ್ ಏರಿಸಿ, ಅಜ್ಜಂದಿರ ಕಾಲದಲ್ಲಿ ಜನ ಬೀಳಿಸಿಕೊಂಡು ಹೋದ ಬೆಳ್ಳಿ ನಾಣ್ಯ ಹುಡುಕುತ್ತಾ ಹಳ್ಳದ ಕಡೆ ಹೋದ. ಅಮ್ಮ ಕಂಬಳಿ ಹಾಸಿ ಊಟ ಜೋಡಿಸುತ್ತಿದ್ದಳು. ನಾನು ಮರದಡಿ ರೇಸಿನ ಕಾಮೆಂಟರಿ ಹಚ್ಚಿಕೊಂಡು ನಿದ್ದೆ ಹೋಗಿದ್ದೆ. ಎಲ್ಲರಿಗೂ ಹಾಗೇ ಹೇಳಿದೆ, ಪೊಲೀಸರೂ ಹಾಗೇ ಬರೆದುಕೊಂಡರು. ಕಂಬಳಿಯ ಅಂಚಿನಲ್ಲಿ ಆ ನೆಗೆಯುವ ಇರುವೆ ಇತ್ತು, ಕಪ್ಪು ಮೈ, ಹಳದಿ ದವಡೆ. ಅದು ಅಮ್ಮನನ್ನು ಕಚ್ಚಿತು. ಅದರ ವಿಷ ಅವಳ ಮೈಗೆ ಆಗುತ್ತಿರಲಿಲ್ಲ, ಉಸಿರು ಕಟ್ಟುತ್ತಿತ್ತು. ಚುಚ್ಚಿಕೊಳ್ಳುವ ಔಷಧ ಕಾರಿನಲ್ಲಿತ್ತು, ಕಾರಿನ ಬೀಗದಕೈ ಅಪ್ಪನ ಜೇಬಿನಲ್ಲಿತ್ತು, ಅಪ್ಪನ ಕಿವಿ ನೆಲದೊಳಗಿತ್ತು. ಅಷ್ಟೆ. ಅಪ್ಪ, ಆಸ್ಪತ್ರೆಯ ಮೊಗಸಾಲೆಯಲ್ಲಿ ನಾನು ನಿನಗೆ ಹೇಳಿದ ಮಾತು ಒಂದೇ ಒಂದು. "ಆ ಹೆಡ್‌ಫೋನ್ ತೆಗೆದಿದ್ದಿದ್ರೆ ಅಮ್ಮ ಬದುಕ್ತಿದ್ಲು." ನೀನು ಹೂಂ ಅಂದೆ. ಮಣ್ಣು ಮಾಡಿದ ಮೂರನೆಯ ವಾರ ಮನೆಯ ಬೀಗದಕೈಯನ್ನು ಅಡುಗೆಮನೆ ಮೇಜಿನ ಮೇಲಿಟ್ಟು, ಹಳೆಯ ಡಿಟೆಕ್ಟರನ್ನು ಶೆಡ್ಡಿನಲ್ಲಿ ಒರಗಿಸಿ, ವ್ಯಾನು ಹತ್ತಿ ಹೋದೆ.

ಆ ಮಷೀನನ್ನು ಎಂಟು ವರ್ಷ ಮುಟ್ಟಲಿಲ್ಲ. ಶೆಡ್ಡಿಗೆ ಹೋದಾಗಲೆಲ್ಲ ಅದು ಗೋಡೆಗೆ ಒರಗಿಕೊಂಡು, ಬೈಸಿಕೊಂಡು ಹೊರಗೆ ನಿಂತ ಹುಡುಗನ ಹಾಗೆ ನನ್ನನ್ನೇ ನೋಡುತ್ತಿತ್ತು. ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಹೊಸ ಬ್ಯಾಟರಿ ಹಾಕಿದೆ. ಯಾಕೆ ಅಂದರೆ, ಆ ದಿನ ನಿನ್ನ ಕಿವಿಯಲ್ಲಿ ಏನಿತ್ತು ಅಂತ ನನಗೆ ತಿಳಿಯಬೇಕಿತ್ತು. ಇದೇ ಮೈದಾನಕ್ಕೆ ಬಂದೆ. ಮರದಡಿ ರೇಡಿಯೊ ಇಟ್ಟು, ದನಿಯನ್ನು ಕೊನೆಯವರೆಗೂ ತಿರುಗಿಸಿ, ನಿನ್ನ ಹೆಡ್‌ಫೋನ್ ಹಾಕಿಕೊಂಡು ಹಳ್ಳದ ಕಡೆ ನಡೆದೆ. ಮೂವತ್ತು ಹೆಜ್ಜೆಗೆ ರೇಡಿಯೊ ಇಲ್ಲ. ನನ್ನ ಕಾಲಡಿಯ ತರಗೆಲೆಯೂ ಇಲ್ಲ. ಸಣ್ಣಗೆ ಒಂದು ಝೇಂಕಾರ, ಅದರೊಳಗೆ ನೆಲದಡಿಯ ಮೊಳೆಗಳ ಗೊರಕೆ. ಒಂದು ಮ್ಯಾಗ್‌ಪೈ ಹಕ್ಕಿ ಹಿಂದಿನಿಂದ ಬಂದು ತಲೆಗೆ ಕುಕ್ಕಿ ಹೋಯಿತು, ಅದು ಬಂದದ್ದೂ ಗೊತ್ತಾಗಲಿಲ್ಲ. ನೆತ್ತಿ ಒರೆಸಿಕೊಂಡು ಬಹಳ ಹೊತ್ತು ಹುಲ್ಲಿನ ಮೇಲೆ ಕೂತಿದ್ದೆ. ಈಗ ಸೈಕಲ್ ಹೆಲ್ಮೆಟ್ ಹಾಕಿಕೊಂಡು ಹೋಗುತ್ತೇನೆ. ನನ್ನ ವಿದ್ಯಾರ್ಥಿಗಳ ಕಣ್ಣಿಗೆ ಬಿದ್ದು, "ಮಿಸ್, ಸೈಕಲ್ ಕಳ್ಕೊಂಡ್ರಾ? ಅದನ್ನೇ ಹುಡುಕ್ತಿದ್ದೀರಾ?" ಅಂತ ಕೇಳಿಸಿಕೊಂಡೂ ಆಯಿತು.

ಆದರೆ ಚಟ ಹತ್ತಿತು ಅಪ್ಪ. ಗುಂಡಿ ಒತ್ತಿದೆ, ಗುಂಡಿ ತೋಡಿದೆ, ಗುಂಡಿಯೇ ಸಿಕ್ಕಿತು. ಹಿಂದೆ ಇಲ್ಲಿ ಚಿನ್ನ ಅಗೆದು ಸತ್ತುಹೋದ ಗಣಿಗಾರರೆಲ್ಲ ಅಂಗಿ ಬಿಚ್ಚಿಕೊಂಡೇ ಓಡಾಡುತ್ತಿದ್ದರೇನೋ, ಅಷ್ಟು ಗುಂಡಿ. ಬೆಳ್ಳಿ ಮಾತ್ರ ಇಲ್ಲ. ನಿನ್ನ ಮಷೀನಿಗೆ ಬರುತ್ತಿದ್ದದ್ದು ಮೂರೇ ಸ್ವರ. ಕಬ್ಬಿಣಕ್ಕೆ ಗೊರಕೆ, ದೊಡ್ಡ ಬೆಳ್ಳಿಗೆ ಗಂಟೆ, ಮಿಕ್ಕಿದ್ದಕ್ಕೆಲ್ಲ ಒಂದೇ ಗೊಣಗು. ಬಿಯರ್ ಡಬ್ಬಿಯ ರಿಂಗಿಗೂ ಅದೇ ಗೊಣಗು, ತೆಳ್ಳನೆಯ ಮೂರು ಪೆನ್ನಿ ಬೆಳ್ಳಿಗೂ ಅದೇ. ಈ ಮೈದಾನದ ತುಂಬ ಆ ಗೊಣಗು. ಊರಿನ ಕುಡುಕರನ್ನು ಬೈದುಕೊಂಡು ಎಲ್ಲವನ್ನೂ ದಾಟಿ ಹೋಗುತ್ತಿದ್ದೆ.

ಕೊನೆಗೆ ಜುಲೈಯಲ್ಲಿ ಒಳ್ಳೆಯ ಮಷೀನು ತೆಗೆದುಕೊಳ್ಳೋಣ ಅಂತ ನೆವ್‌ನ ಡಿಟೆಕ್ಟರ್ ಅಂಗಡಿಗೆ ಹೋದೆ. ನೆವ್ ಇನ್ನೂ ಹಾಗೇ ಇದ್ದಾನೆ, ಹೊಟ್ಟೆ ಮಾತ್ರ ಕೌಂಟರಿನ ಈಚೆಗೂ ಬಂದಿದೆ. "ಟೀಚರಮ್ಮ, ಚಿನ್ನ ಬೇಕೋ ಬೆಳ್ಳಿ ಬೇಕೋ ಮೊದ್ಲು ಹೇಳಿ. ಎರಡೂ ಬೇಕು ಅನ್ನೋರು ಕೊನೆಗೆ ಮೊಳೆ ಎತ್ಕೊಂಡು ಮನೆಗೆ ಹೋಗ್ತಾರೆ" ಅಂದ. ಬೆಳ್ಳಿ ಅಂದೆ. ಚಿನ್ನದ ಮಷೀನನ್ನು, ದೇವರ ಪಟ ತೆಗೆದಿಡುವವನ ಹಾಗೆ, ಹಿಂದಕ್ಕಿಟ್ಟ. ಒಂದು ಅಗ್ಗದ್ದು ತೋರಿಸಿ, "ಇದು ನೀರಲ್ಲೂ ಕೆಲಸ ಮಾಡುತ್ತೆ, ಒಣಗಿದ ಕಡೆ ಮಾಡೋದು ಡೌಟು" ಅಂತ ತಾನೇ ನಕ್ಕ. ಆಮೇಲೆ ಒಂದು ಹಲಗೆ ತಂದ. ಅದರ ಮೇಲೆ ತುಕ್ಕು ಹಿಡಿದ ಮೊಳೆಗಳು, ನಡುವೆ ಒಂದು ಮೂರು ಪೆನ್ನಿ. ನಾನು ಒಯ್ದಿದ್ದ ನಿನ್ನ ಹಳೆಯ ಮಷೀನನ್ನು ಕಬ್ಬಿಣದ ಸದ್ದು ಬಾರದ ಹಾಗೆ ತಿರುಗಿಸಿ ಅದರ ಮೇಲೆ ಆಡಿಸಿದರೆ ಪೂರಾ ಮೌನ, ನಾಣ್ಯವೂ ಇಲ್ಲ. "ನೋಡಿ, ಮೊಳೆ ಬಾಯಿ ಮುಚ್ಚಿಸಿದ್ರೆ ಪಕ್ಕದ ಬೆಳ್ಳಿನೂ ಬಾಯಿ ಮುಚ್ಕೊಳ್ಳುತ್ತೆ. ಗಲಾಟೆ ಕೇಳೋ ತಾಳ್ಮೆ ಇದ್ದೋರಿಗೇ ಬೆಳ್ಳಿ. ಈ ಮೂರನೇದು ಎರಡನ್ನೂ ಬೇರೆ ಬೇರೆ ಮಾಡಿ ಹೇಳುತ್ತೆ, ಪರದೆ ಮೇಲೆ ನಂಬರೂ ಕೊಡುತ್ತೆ. ರಿಂಗಾದ್ರೆ ನಂಬರು ಕುಣಿಯುತ್ತೆ, ನಾಣ್ಯ ಆದ್ರೆ ನಿಂತ್ಕೊಳ್ಳುತ್ತೆ. ಮನುಷ್ಯರಲ್ಲೂ ಹಾಗೇ ಅನ್ನಿ." ಆಡಿಸಿದೆ. ಮೊಳೆಗಳ ಗೊರಕೆಯ ನಡುವೆ ಒಂದು ತೆಳ್ಳನೆಯ ಗಂಟೆ. ಕಾಸಿಗೆ ತಕ್ಕ ಕಜ್ಜಾಯ ಅಂತ ಅದನ್ನೇ ಕೊಂಡೆ. ಹೆಡ್‌ಫೋನ್ ಮಾತ್ರ ಬೇಡ ಅಂದೆ. "ಬಿಟ್ಟಿ ಕೊಡ್ತಿರೋದು ಕಣ್ರೀ. ಅದಿಲ್ದೆ ಆಳದ ಬೆಳ್ಳಿ ಪಿಸುಗುಟ್ಟೋದು ಕೇಳ್ಸಲ್ಲ" ಅಂದ. ಕೇಳಿಸದಿದ್ದರೆ ಬೇಡ ಬಿಡಿ ಅಂದೆ. ಆಗ ಅವನಿಗೆ ನಾನು ಯಾರ ಮಗಳು ಅನ್ನೋದು ನೆನಪಾಯಿತು. ಅದನ್ನು ಎತ್ತಿ ಒಳಗಿಟ್ಟ.

ಆಗಸ್ಟಿನ ಮೊದಲ ಶನಿವಾರ ಹೊಸ ಮಷೀನು ಹಿಡಿದು ಇಲ್ಲಿಗೆ ಬಂದೆ. ಮೈದಾನದ ಕಲ್ಲಿನ ಒಲೆಯ ಪಕ್ಕ ಅದೇ ಹಳೆಯ ಗೊಣಗು. ಆದರೆ ನಂಬರು ಕುಣಿಯಲಿಲ್ಲ, ನಿಂತಿತು. ಅಗೆದೆ. ಬೆರಳುದ್ದದ ಆಳದಲ್ಲಿ ಒಂದು ಐದು ಸೆಂಟಿನ ನಾಣ್ಯ, ರಾಣಿಯ ಮುಖ ಕೆಳಗೆ, ಹಿಂಬದಿಯ ಮುಳ್ಳುಪ್ರಾಣಿಯ ಚಿತ್ರ ಮೇಲೆ. ಯಾರದೋ ಜೇಬು ತೂತು ಅಂದುಕೊಂಡೆ. ಐದು ಹೆಜ್ಜೆಗೆ ಇನ್ನೊಂದು, ಅಷ್ಟೇ ಆಳ, ರಾಣಿಯ ಮುಖ ಕೆಳಗೆ. ಮತ್ತೊಂದು. ನಾಲ್ಕನೆಯದು ಸಿಕ್ಕಾಗ ಅಗೆಯುವುದನ್ನು ನಿಲ್ಲಿಸಿದೆ.

ಓದುತ್ತಿರುವ ಅಪರಿಚಿತರೇ, ನಮ್ಮ ಮನೆಯ ಕ್ರಿಸ್‌ಮಸ್ ಪುಡ್ಡಿಂಗಿನಲ್ಲಿ ಅಮ್ಮ ಹಳೆಯ ಮೂರು ಪೆನ್ನಿ ಬೆಳ್ಳಿಗಳನ್ನು ಹುದುಗಿಸುತ್ತಿದ್ದಳು. ಹೊಸ ನಾಣ್ಯ ಹಾಕಿದರೆ ಪುಡ್ಡಿಂಗ್ ಕೆಡುತ್ತದೆ. ಸಿಕ್ಕವರು ಬೆಳ್ಳಿಯನ್ನು ಅವಳಿಗೆ ಮರಳಿಸಬೇಕು, ಅವಳು ಬದಲಿಗೆ ಒಂದು ಐದು ಸೆಂಟು ಕೊಡುತ್ತಾಳೆ. ಅಪ್ಪ ಅದನ್ನೇ ನೆಲಕ್ಕೂ ಮಾಡುತ್ತಿದ್ದ. ಬೆಳ್ಳಿ ತೆಗೆದ ಗುಂಡಿಯಲ್ಲೆಲ್ಲ ಒಂದು ಐದು ಸೆಂಟು ಇಟ್ಟು, "ರಾಣಿ ಮಲಗಲಿ" ಅಂತ ಮುಖ ಕೆಳಗೆ ಮಾಡಿ ಮುಚ್ಚುತ್ತಿದ್ದ. ಲೋಕದಲ್ಲಿ ಹಾಗೆ ಮಾಡುವ ಮನುಷ್ಯ ಇನ್ನೊಬ್ಬನಿಲ್ಲ, ಇದ್ದರೆ ಅವನ ಹೆಂಡತಿಯೂ ನಮ್ಮಮ್ಮನ ಹಾಗೆ ಬೈದಿರುತ್ತಾಳೆ.

ಹಳೆಯವಿರಬಹುದು ಅಂತ ಒಂದನ್ನು ಉಗುಳು ಹಚ್ಚಿ ಒರೆಸಿದೆ. 2017. ಇನ್ನೊಂದು 2019. ಹಳ್ಳದ ಹತ್ತಿರದ್ದು 2022. ನೀನು ಬರುತ್ತಿದ್ದೀಯ. ನನ್ನ ಮನೆಯಿಂದ ಹನ್ನೊಂದು ಕಿಲೋಮೀಟರ್ ದೂರಕ್ಕೆ, ವರ್ಷ ವರ್ಷ, ಬಹುಶಃ ಅದೇ ರಜೆಯ ದಿನ, ಬಂದು ಅಗೆದು, ಮುಚ್ಚಿ, ಹೋಗುತ್ತಿದ್ದೀಯ. ಇದು ತಿಳಿದಾಗ ಮೈದಾನದಲ್ಲಿ ಯಾರೂ ಇರಲಿಲ್ಲ. ಆದರೂ ನನಗೆ ತಿರುಗಿ ನೋಡಲು ಭಯವಾಯಿತು. ಎರಡು ವರ್ಷ ನಾನು ಬಿಯರ್ ರಿಂಗು ಅಂತ ಬೈದುಕೊಂಡು ದಾಟಿದ್ದು ನಿನ್ನನ್ನೇ ಅಪ್ಪ.

ಆಮೇಲಿನ ಶನಿವಾರಗಳಲ್ಲೆಲ್ಲ ನಾನು ಬೆಳ್ಳಿ ಹುಡುಕಲಿಲ್ಲ, ನಿನ್ನನ್ನು ಹುಡುಕಿದೆ. ನಾಣ್ಯ ಸಿಕ್ಕ ಜಾಗಗಳನ್ನು ಶಾಲೆಯ ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಹಾಕಿ, ನಾಣ್ಯವನ್ನು ಇದ್ದ ಹಾಗೇ ಮಲಗಿಸಿ ಬಂದೆ. ಒಲೆಯಿಂದ ಶುರು ಮಾಡಿದ್ದೀಯ. ಸಾಲು ಸಾಲಾಗಿ, ಉತ್ತವನ ಹಾಗೆ, ಹಳ್ಳದವರೆಗೆ ಹೋಗಿದ್ದೀಯ, ಅಲ್ಲಿಂದ ತಿರುಗಿ ಈಚೆಗೆ ಬಂದಿದ್ದೀಯ. ಹಾಳೆಯ ತುಂಬ ಚುಕ್ಕೆ. ನಡುವೆ ಒಂದು ಚೌಕದಲ್ಲಿ ಮಾತ್ರ ಒಂದೂ ಇಲ್ಲ. ಸಾಲುಗಳು ಅದರ ಹತ್ತಿರ ಬಂದು ನಿಂತಿವೆ, ಸುತ್ತಿಕೊಂಡು ಮುಂದೆ ಹೋಗಿವೆ. ಅಳೆದು ನೋಡಿದೆ. ಕಂಬಳಿಯಗಲ.

ಆ ಚೌಕವನ್ನು ಹೋದ ವಾರ ನಾನು ಹುಡುಕಿದೆ. ಕಾಲಿಡುವ ಮೊದಲು ಹೆಲ್ಮೆಟ್ ತೆಗೆದೆ, ಯಾಕೆ ಅಂತ ಗೊತ್ತಿಲ್ಲ. ಚೂರು ಚೂರಾಗಿ, ಅಂಗುಲ ಬಿಡದೆ ಹುಡುಕಿದೆ. ಅಲ್ಲಿ ಇದ್ದದ್ದು ಒಂದು ನಿಂಬೆ ಸೋಡಾ ಬಾಟಲಿಯ ಬಿರಡೆ, ಮತ್ತೆ 1926ರ ಒಂದು ಆರು ಪೆನ್ನಿ. ಅಷ್ಟೇ ಅಪ್ಪ. ಹತ್ತು ವರ್ಷ ನಾವಿಬ್ಬರೂ ಹೆದರಿದ ಜಾಗದೊಳಗೆ ಅಷ್ಟೇ ಇತ್ತು. ಆ ಆರು ಪೆನ್ನಿಯೇ ಈಗ ಮುಚ್ಚಳದ ಮೇಲಿರುವುದು. ತಗಡಿನ ಡಬ್ಬಿಯಾದರೆ ಅದರ ಗೊರಕೆಯಲ್ಲಿ ಬೆಳ್ಳಿ ಮುಳುಗೀತು ಅಂತ ಪ್ಲಾಸ್ಟಿಕ್ಕಿನದು ತಂದಿದ್ದೇನೆ. ಇದೇ ನಾಣ್ಯವನ್ನು ಹಿತ್ತಲಲ್ಲಿ ಗೇಣುದ್ದದ ಆಳಕ್ಕೆ ಹೂತು ನಿನ್ನ ಹಳೆಯ ಮಷೀನನ್ನೂ ಆಡಿಸಿ ನೋಡಿದೆ, ಅದಕ್ಕೂ ಕೇಳಿಸಿತು. ಹಾಗಾಗಿ ಈಗ ನಿನ್ನ ಕೈಯಲ್ಲಿ ಯಾವುದಿದ್ದರೂ ಕೇಳಿಸುತ್ತದೆ. ಚೌಕದ ಒಳಗೆ ಇಟ್ಟರೆ ನೀನು ಬರುವುದಿಲ್ಲ. ಆದ್ದರಿಂದ ಅಂಚಿಗೆ, ನಿನ್ನ ಕೊನೆಯ ಸಾಲು ಮುಗಿದ ಕಡೆಗೆ ಇಡುತ್ತಿದ್ದೇನೆ.

ರಜೆಯ ದಿನ ಇಲ್ಲೇ ಕಾದು ಕೂರಬಹುದಿತ್ತಲ್ಲ ಅನ್ನುತ್ತೀಯ. ನನ್ನ ಕಾರು ಕಂಡರೆ ನೀನು ಗೇಟಿನಿಂದಲೇ ವ್ಯಾನು ತಿರುಗಿಸುತ್ತೀಯ. ಹೇಳಬೇಕಾದದ್ದನ್ನು ನಿನ್ನ ಮುಖ ನೋಡಿಕೊಂಡು ಹೇಳುವ ಧೈರ್ಯ ನನಗಿಲ್ಲ ಅನ್ನುವುದು ಎರಡನೆಯ ಕಾರಣ. ನಿಜ ಹೇಳಬೇಕೆಂದರೆ ಮೊದಲನೆಯದೂ ಅದೇ. ಆದರೆ ಹಾಳೆ ನೋಡಿದಾಗಿನಿಂದ ನಿದ್ದೆ ಇಲ್ಲ. ಮೈದಾನ ಮುಗಿಯುತ್ತ ಬಂದಿದೆ ಅಪ್ಪ. ಈ ಸಲಕ್ಕೆ ಉಳಿದಿರುವುದು ಅರ್ಧ ಸಾಲು ಮಾತ್ರ. ಅದನ್ನು ಮುಗಿಸಿ ಹೋದರೆ ನಿನಗೆ ಮತ್ತೆ ಬರಲು ನೆಪವಿಲ್ಲ, ನನಗೆ ಹುಡುಕಲು ನೀನಿಲ್ಲ.

ಮನೆಯಲ್ಲಿ ಮುಂಬಾಗಿಲಿನ ಬೀಗ ಬದಲಾಗಿಲ್ಲ, ನೀನಿಟ್ಟು ಹೋದ ಬೀಗದಕೈಯೂ ಹಾಗೇ ಇದೆ. ನಿನ್ನ ಕೋಣೆಯಲ್ಲಿ ಉತ್ತರಪತ್ರಿಕೆಗಳನ್ನು ಪೇರಿಸಿದ್ದೇನೆ, ಅರ್ಧ ಗಂಟೆಯಲ್ಲಿ ಖಾಲಿ ಮಾಡುತ್ತೇನೆ. ಹುಳಿ ನಿಂಬೆಗಿಡ ನಿನ್ನ ಮೇಲಿನ ಸಿಟ್ಟಿಗೋ ಏನೋ ಮೊದಲಿಗಿಂತ ಹೆಚ್ಚು ಕಾಯಿ ಬಿಡುತ್ತಿದೆ. ಬಿಸಿಲಲ್ಲಿ ಟೋಪಿ ಹಾಕು. ಮಂಡಿಯೂರುವಾಗ ಇರುವೆ ನೋಡಿಕೊಂಡು ಊರು. ವ್ಯಾನಿನ ಬ್ರೇಕಿಗೆ, ನಿನ್ನ ಮಂಡಿಗೆ, ಬಾಯಲ್ಲಿದ್ದರೆ ಹಲ್ಲಿಗೆ, ಎಲ್ಲಕ್ಕೂ ನನ್ನ ನಮಸ್ಕಾರ.

ನೀನು 'ಕೋಳಿ' ಅಂತ ಕರೆಯುತ್ತಿದ್ದ,
ಬ್ರಾನ್

ತಾ.ಕ.: ಡಬ್ಬಿ ಮುಚ್ಚಿ ಆಗಿತ್ತು, ಮತ್ತೆ ತೆಗೆದೆ. ಹುಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಆ ದಿನ ನಾನು ನಿದ್ದೆ ಮಾಡುತ್ತಿರಲಿಲ್ಲ. ಕುದುರೆಗಳು ಕೊನೆಯ ತಿರುವಿಗೆ ಬಂದಿದ್ದವು. ಅಮ್ಮ ಒಂದು ಸಲ ನಿನ್ನನ್ನು ಕರೆದಳು, "ಕ್ಲೆಮ್" ಅಂತ. ಆಮೇಲೆ ನನ್ನನ್ನು, ಎರಡು ಸಲ. ಸೌತೆಕಾಯಿ ಹೆಚ್ಚೋಕೆ ಕರೀತಿದ್ದಾಳೆ ಅಂದುಕೊಂಡು ಕಣ್ಣು ಮುಚ್ಚಿಕೊಂಡೇ ಮಲಗಿದ್ದೆ, ರೇಸು ಮುಗಿಯುವವರೆಗೆ. ಇದನ್ನು ಯಾರಿಗೂ ಹೇಳಿಲ್ಲ. ಇದು ತಿಳಿದ ಮೇಲೂ ಬರಬೇಕು ಅನ್ನಿಸಿದರೆ ಮನೆಗೆ ಬಾ. ಅನ್ನಿಸದಿದ್ದರೆ ನಿನ್ನ ತಪ್ಪಲ್ಲ. ಆಸ್ಪತ್ರೆಯಲ್ಲಿ ನಾನು ಆಡಿದ ಮಾತಿಗೆ ಹೂಂ ಅಂದೆಯಲ್ಲ, ಆ ಹೂಂ ಅನ್ನು ನೀನು ವಾಪಸ್ ತಗೊಳ್ಳಬೇಕು. ನಿನಗೆ ಕೇಳಿಸಲಿಲ್ಲ ಅಪ್ಪ. ನನಗೆ ಕೇಳಿಸಿತು.