ಬೂದಿ ಬೆಕ್ಕು ಎದ್ದು ಹೋದ ಮೇಲೆ

ಜನವರಿ 10, ಬಾದನಹಟ್ಟಿ

ಸಾರಿ ಅವ್ವ. ನಿನ್ನ ಬಗ್ಗೆ ಬರೆಯಬಾರದು, ಗೊತ್ತು. ಆದರೆ ಹೇಳಲಾಗದ್ದನ್ನು ಬರೆಯುವುದು ಹಾಸ್ಟೆಲ್‌ನಿಂದಲೇ ಅಭ್ಯಾಸ.

ಬಳ್ಳಾರಿಯಿಂದ ರಜೆಗೆ ಬಂದರೆ ಮನೆ ಕ್ಲಿನಿಕ್ ಆಗಿದೆ. ಅವ್ವ ಮೊಬೈಲ್‌ನಲ್ಲೇ ಎನರ್ಜಿ ಹೀಲಿಂಗ್ ಕಲಿತಿದ್ದಾಳೆ. ಅಸಿಸ್ಟೆಂಟ್ — ನಮ್ಮ ಬೆಕ್ಕು, ಬೂದಿ. ಇವತ್ತು ಜಂಬಣ್ಣನ ಜ್ವರದ ಮೇಕೆ. ಅವ್ವ ಅದರ ಮೇಲೆ ಕೈ ಚಾಚಿ ಕೂತಳು. ಬೂದಿ ಮೇಕೆಯ ಹೊಟ್ಟೆಗೆ ಒತ್ತಿಕೊಂಡು ಮಲಗಿತು. ಸಂಜೆ ಎದ್ದು ಬಂತು. ಮೇಕೆ ಸೊಪ್ಪಿಗೆ ಬಾಯಿ ಹಾಕಿತು.

“ಬೂದಿ ಎದ್ದು ಬಂತಂದ್ರ ಎನರ್ಜಿ ತುಂಬೈತಿ. ಕೆಲಸ ಮುಗೀತು,” ಅಂದಳು ಅವ್ವ.

ನಕ್ಕೆ.

“ಫಸ್ಟ್ ಇಯರ್‌ಗೇ ಅವ್ವಗ ಪರೀಕ್ಷೆ ಇಡಾಕ ಬಂದಾಳ,” ಅಂದಳು.

ಡೈರಿ ಎತ್ತಿಕೊಂಡು ಒಳಗೆ ಬಂದೆ. ಯಾವಾಗಲೂ ಹಾಗೇ.

ಜನವರಿ 12

ಅಸೈನ್‌ಮೆಂಟ್ ಪೆಂಡಿಂಗ್. ಬೂದಿ ಲ್ಯಾಪ್‌ಟಾಪ್ ಮೇಲೆ, ತಳ್ಳಿದರೂ ಏಳದು. ಶಟ್‌ಡೌನ್ ಮಾಡಿದೆ. ಸ್ವಲ್ಪ ಹೊತ್ತಿಗೆ ತಾನೇ ಎದ್ದು ಒಲೆ ಪಕ್ಕಕ್ಕೆ ಹೋಯಿತು...

ಜನವರಿ 15, ಬೆಳಿಗ್ಗೆ

ಪಕ್ಕದ ಮನೆ ಗಿಡ್ಡಮ್ಮತ್ತೆಯ ಎಮ್ಮೆ ನಿನ್ನೆ ಕರು ಹಾಕಿತು. ಗಿಣ್ಣ ಕೊಟ್ಟು ಹೋದರು. ಈಗ ಎಮ್ಮೆ ಏಳುತ್ತಿಲ್ಲ. ಅವರಿಗಿರುವುದು ಅದೊಂದೇ.

“ಡಾಕ್ಟರ್ ಕರೀರಿ ಅತ್ತಿ.”

“ಡಾಕ್ಟರ್ ಯಾಕವ್ವ, ನಿಮ್ಮವ್ವ ಪಂಪಾವತಿ ಅದಾಳಲ್ಲ. ಜಂಬಣ್ಣನ ಮೇಕೆ ಎಬ್ಬಿಸಿದಾಕಿ.”

ಅವ್ವನ ಮುಖ ಅರಳಿತು. ಚಳಿ ಇತ್ತು. ಬೂದಿ ಎಮ್ಮೆಯ ಪಕ್ಕೆಗೆ ಅಂಟಿಕೊಂಡಿತು.

ಮಧ್ಯಾಹ್ನ

ಬೂದಿ ಎದ್ದು ಬಂತು. ಗಿಡ್ಡಮ್ಮತ್ತೆ ಅದಕ್ಕೇ ಕೈ ಮುಗಿದರು.

“ಸಂಜಿಗೆ ಏಳ್ತೈತಿ. ಯಾರೂ ಮುಟ್ಟಬ್ಯಾಡ್ರಿ,” ಅಂದಳು ಅವ್ವ.

ಮುಟ್ಟಿದೆ. ಕಿವಿ ತಣ್ಣಗೆ. ಕುತ್ತಿಗೆ ಪಕ್ಕೆಯ ಕಡೆ ವಾಲಿದೆ. ಬೂದಿ ಹೋಗಿ ಬಿಸಿಲಿನ ಕಲ್ಲಿನ ಮೇಲೆ ಮಲಗಿದೆ.

ಅದಕ್ಕೆ ಬೇಕಿದ್ದದ್ದು ಬರೀ ಬಿಸಿ. ಮೇಕೆಯ ಜ್ವರ ಇಳಿಯಿತು — ಬೂದಿ ಎದ್ದಿತು. ಲ್ಯಾಪ್‌ಟಾಪ್ ಆರಿತು — ಎದ್ದಿತು. ಈಗ ಎಮ್ಮೆ...

“ಅವ್ವಾ, ಮೈ ತಣ್ಣಗಾಗೈತಿ.”

“ತಂಪಾತಂದ್ರ ಜ್ವರ ಬಿಡ್ತು.”

“ಇದಕ್ಕ ಜ್ವರ ಇರಲೇ ಇಲ್ಲಲ್ಲ.”

ಅವ್ವ ನನ್ನನ್ನೇ ನೋಡಿದಳು. ಆಮೇಲೆ ಬಗ್ಗಿ ಎಮ್ಮೆಯ ಕಿವಿ ಹಿಡಿದಳು. ಬಿಡಲೇ ಇಲ್ಲ.

“ಹಚ್ಚು ಫೋನ್,” ಅಂದಳು. ಗಿಡ್ಡಮ್ಮತ್ತೆಗೆ ಕೇಳದಷ್ಟು ಮೆಲ್ಲಗೆ.

ಕುರುಗೋಡಿನ ದನದ ಆಸ್ಪತ್ರೆಗೆ ಹಚ್ಚಿದರೆ, ಡಾಕ್ಟರ್ ಅಮರೇಶ್ ಅವರು ಸಿರುಗುಪ್ಪ ಕಡೆ ಹೋಗಿದ್ದಾರಂತೆ. ಅವರ ಮೊಬೈಲ್ ರಿಂಗ್ ಆಗುತ್ತದೆ, ಎತ್ತುತ್ತಿಲ್ಲ. ಕಾಯಲಾಗದೆ ಬರೆಯುತ್ತಿದ್ದೇನೆ. ಅವ್ವ ಇನ್ನೂ ಕಿವಿ ಉಜ್ಜುತ್ತಲೇ ಇದ್ದಾಳೆ. ಮೆಸೇಜ್ ಕಳಿಸಿದೆ. ಅವ್ವನ ಹೆಸರು ಹಾಕಲಿಲ್ಲ, ಬೆಕ್ಕಿನದೂ ಇಲ್ಲ —

ಸರ್, ಬಾದನಹಟ್ಟಿಯಿಂದ. ಎಮ್ಮೆ ನಿನ್ನೆ ಈದಿದೆ. ಏಳುತ್ತಿಲ್ಲ. ಕಿವಿ ತಣ್ಣಗಿದೆ. ಬೇಗ ರಿಪ್ಲೈ ಮಾಡಿ.